ಹೊರಗಿನ ಫೈಲು ತರಲಿಲ್ಲ

ಫೆಬ್ರವರಿ 11

ಗುಬ್ಬಿಗೆ,

ಮೂರು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಕಾಗದದ ಮೇಲೆ ಯಾಕೆ ಎಂದು ನೀನು ಹುಬ್ಬು ಏರಿಸುತ್ತೀಯ, ಗೊತ್ತು. ಆಸ್ಪತ್ರೆಯ ಮೇಲ್‌ ಅನ್ನು ಯಾರು ಯಾರು ಓದುತ್ತಾರೋ ನನಗೆ ತಿಳಿಯದು. ಮನೆಯಲ್ಲಿ ಫೋನ್ ಮಾಡಿದರೆ ನಿನ್ನ ಅಣ್ಣ ಕೇಳಿಸಿಕೊಳ್ಳುತ್ತಾರೆ. ಈ ಮಾತು ಅವರ ಬಗ್ಗೆಯೇ.

ಹೋದ ವಾರದಿಂದ ಅವರನ್ನು ಕಡ್ಡಾಯ ರಜೆಯ ಮೇಲೆ ಮನೆಯಲ್ಲಿ ಕೂರಿಸಿದ್ದಾರೆ. ಜನವರಿ 12ರಂದು ಹೊಲಿಗೆ ಕೆಲಸದ ಒಬ್ಬ ಹೆಂಗಸು ನಮ್ಮ ಔಷಧಿ ವಿಭಾಗದ ಎರಡನೇ ಕೌಂಟರಿಗೆ ಬಂದಳು. ನಿನ್ನ ಅಣ್ಣ ಹತ್ತು ವರ್ಷದಿಂದ ಕೂರುವ ಕೌಂಟರು. ಚೀಟಿಯಲ್ಲಿದ್ದ ಮಾತ್ರೆ ಕೊಟ್ಟರು. ಮನೆ ಮುಟ್ಟುವ ಮೊದಲೇ ಅವಳ ಮುಖ ಊದಿ ಗಂಟಲು ಕಟ್ಟಿತು. ಹನ್ನೊಂದು ದಿನ ಒಳರೋಗಿಯಾಗಿದ್ದಳು. ಉಳಿದುಕೊಂಡಳು, ಆದರೆ ಧ್ವನಿ ಇನ್ನೂ ಪೂರ್ತಿ ಬಂದಿಲ್ಲ. ಆ ಔಷಧಿ ತನಗೆ ಆಗುವುದಿಲ್ಲವೆಂದು ಅವಳು ಮೊದಲೇ ನಮ್ಮ ಅಲರ್ಜಿ ವಿಭಾಗದಲ್ಲಿ ಬರೆಸಿದ್ದಳು. ಆದರೆ ಅವಳ ಫೈಲಿನಲ್ಲಿ ಆ ಸಾಲು ಖಾಲಿ. ಖಾಲಿ ಮಾಡಿ ಉಳಿಸಿದವರು ಯಾರು ಎಂದು ನೋಡಿದರೆ ನಿನ್ನ ಅಣ್ಣನ ಲಾಗಿನ್.

ತಪ್ಪು ಮಾತ್ರೆ ಕೊಟ್ಟು, ಗೊತ್ತಾದ ಮೇಲೆ ಸಾಲು ಅಳಿಸಿದ್ದಾರೆ ಎಂದು ಎಲ್ಲರೂ ಪಿಸುಗುಡುತ್ತಿದ್ದಾರೆ. ಹುಡುಕಿದರೆ ಇನ್ನೂ ಹತ್ತು ಫೈಲುಗಳಲ್ಲಿ ಅದೇ ಸಾಲು ಖಾಲಿ, ಅದೇ ಲಾಗಿನ್. ದಾಖಲೆ ವಿಭಾಗ ನನ್ನದು. ಆ ಹನ್ನೊಂದು ಫೈಲುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟವಳು ನಾನೇ. ಇಟ್ಟ ಮೇಲೆ ಸೂಪರಿಂಟೆಂಡೆಂಟರು, "ಇನ್ನು ನೀವು ಇದರಿಂದ ದೂರ ಇರಿ, ನಿಮ್ಮ ಯಜಮಾನರ ವಿಷಯ" ಅಂದರು.

ನೀನು ಕಂಪ್ಯೂಟರಿನವಳು. ಒಂದು ಫೈಲು ನೋಡಿ ಅದರಲ್ಲಿ ಯಾರು ಕೈಯಾಡಿಸಿದ್ದಾರೆ ಎಂದು ಹೇಳಲು ಆಗುತ್ತದೆಯೇ?

ಇನ್ನೊಂದು ಮಾತು. ಹೋದ ವರ್ಷ ಇವರು ಇಪ್ಪತ್ತು ದಿನ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದರು. ಅಂಥ ತರಬೇತಿಯೇ ಇರಲಿಲ್ಲವೆಂದು ಆಮೇಲೆ ಅವರ ಸಹೋದ್ಯೋಗಿಯ ಬಾಯಲ್ಲಿ ಕೇಳಿದೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಸಲ ಸುಳ್ಳು ಹೇಳಿದ ಮನುಷ್ಯ ಎರಡನೇ ಸಲ ಹೇಳುವುದಿಲ್ಲ ಎಂದು ಹೇಗೆ ತಿಳಿಯಲಿ? ಚಿಕ್ಕವರಿದ್ದಾಗ ಹೇಗಿದ್ದರು? ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಈ ಪತ್ರದ ವಿಷಯ ಅವರಿಗೆ ಹೇಳಬೇಡ.

ಅತ್ತಿಗೆ

*

ಫೆಬ್ರವರಿ 20

ಅತ್ತಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗಲೂ ಸಿಟ್ಟು ಇಳಿಯಲಿಲ್ಲ.

ಅಣ್ಣ ಹೇಗಿದ್ದ ಎಂದು ಕೇಳುತ್ತೀರಿ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದವರು ನೀವು. ಚಿಕ್ಕಂದಿನಲ್ಲಿ ನಾನು ಶಾಲೆಯ ಕಿಟಕಿ ಒಡೆದರೆ ತಾನೇ ಒಡೆದೆ ಎಂದು ಹೇಳಿ ಏಟು ತಿನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದನೇ ಎಂದರೆ, ಹೌದು, ಹೇಳುತ್ತಿದ್ದ. ಇದು ನಿಮಗೆ ಬೇಕಾದ ಉತ್ತರವೋ ಅಲ್ಲವೋ ನನಗೆ ಗೊತ್ತಿಲ್ಲ.

ನಿಮಗೆ ನನ್ನಿಂದ ಏನು ಬೇಕು ಎಂಬುದೂ ಸ್ಪಷ್ಟವಾಗಲಿಲ್ಲ. ಅವನ ಪರವಾಗಿ ಸಾಕ್ಷಿ ಹುಡುಕುತ್ತಿದ್ದೀರೋ, ಅವನ ಮೇಲೆಯೋ? ಅವನ ತಂಗಿಯ ಬಾಯಿಂದಲೇ ಒಂದು ಮಾತು ಬಂದರೆ ಮುಂದೆ ಎಲ್ಲೋ ಉಪಯೋಗಕ್ಕೆ ಬರುತ್ತದೆ ಎಂದಿದ್ದರೆ ಈಗಲೇ ಹೇಳಿಬಿಡಿ.

ಇರಲಿ. ಫೈಲು ನೋಡಿ ಹೇಳಬಹುದೇ ಎಂದರೆ, ಕೆಲವೊಮ್ಮೆ ಹೇಳಬಹುದು. ಪರದೆಯ ಮೇಲೆ ಕಾಣುವ ಅಂದವಾದ ಪುಟ ಬೇಡ. ಅದರ ಹಿಂದಿರುವ ಮೂಲ ಬರಹ ಬೇಕು: ಕೋನದ ಕಂಸಗಳ ನಡುವೆ ಪದಗಳಿರುತ್ತವಲ್ಲ, ಆ ರೂಪ. ಅದಕ್ಕೆ ಎಕ್ಸ್‌ಎಂಎಲ್ ಎನ್ನುತ್ತಾರೆ. ನಿಮ್ಮ ಕೋಣೆಯಲ್ಲಿ ವಾರಕ್ಕೊಮ್ಮೆ ತೆಗೆದಿಡುವ ಬ್ಯಾಕಪ್ ಇರಬೇಕು. ಒಂದೇ ರೋಗಿಯ ಹಳೆಯ ಪ್ರತಿ, ಖಾಲಿಯಾದ ಮೇಲಿನ ಪ್ರತಿ ಎರಡನ್ನೂ ಮುದ್ರಿಸಿ ಕಳಿಸಿ. ರೋಗಿಯ ಹೆಸರು ವಿಳಾಸ ಮುಚ್ಚಿಬಿಡಿ. ಒಂದನೇ ಕೌಂಟರಿನಲ್ಲಿ ಉಳಿಸಿದ ಬೇರೆ ಯಾರದಾದರೂ ಫೈಲು ಒಂದು ಇದ್ದರೆ ಹೋಲಿಸಲು ಅನುಕೂಲ.

ಅಣ್ಣನಿಗೆ ಹೇಳುವುದಿಲ್ಲ. ಆದರೆ ನೀವು ಅವನನ್ನೇ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು.

ಗುಬ್ಬಿ

*

ಮಾರ್ಚ್ 3

ಗುಬ್ಬಿಗೆ,

ಲಕೋಟೆಯೊಳಗೆ ಆರು ಹಾಳೆಗಳಿವೆ. ಜೆರಾಕ್ಸ್ ಯಂತ್ರದ ಮುಂದೆ ನಿಂತಿದ್ದಾಗ ಸೂಪರಿಂಟೆಂಡೆಂಟರ ಟೈಪಿಸ್ಟು ಬಂದು, "ಏನ್ ಮೇಡಂ, ಇವತ್ತು ನೀವೇ ಬಂದ್ಬಿಟ್ರಿ?" ಅಂದಳು. ಹಾಜರಿ ಪಟ್ಟಿ ಎಂದೆ. ಅವಳು ಯಂತ್ರದ ತಟ್ಟೆಯಲ್ಲಿದ್ದ ಹಾಳೆಯನ್ನು ಓರೆಗಣ್ಣಿಂದ ನೋಡಿದಳು. ಆಮೇಲೆ ಎರಡು ದಿನ ಯಾರ ಹೆಜ್ಜೆ ಸದ್ದಾದರೂ ನನ್ನ ಕೋಣೆಗೇ ಬಂದರು ಎನ್ನಿಸುತ್ತಿತ್ತು.

ನನ್ನ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ. ಹಳೆಯ ಪ್ರತಿಯಲ್ಲಿ ಅಲರ್ಜಿಯ ಜಾಗದಲ್ಲಿ ಯಾವ ಔಷಧಿಯ ಹೆಸರೂ ಇಲ್ಲ. ಹಿಂದೊಂದು ಮುಂದೊಂದು ಚಿಹ್ನೆ ಹಚ್ಚಿದ ಒಂದೇ ಪದ ಇದೆ. ಒಂದನೇ ಕೌಂಟರಿನ ಫೈಲಿನಲ್ಲಿ ಆ ಪದದ ಜಾಗಕ್ಕೆ ಔಷಧಿಗಳ ಹೆಸರುಗಳು ಬಂದು ಕೂತಿವೆ. ಎರಡನೇ ಕೌಂಟರಿನ ಫೈಲಿನಲ್ಲಿ ಪದವೂ ಇಲ್ಲ, ಹೆಸರುಗಳೂ ಇಲ್ಲ. ಬರೀ ಬಯಲು.

ಇನ್ನೂ ವಿಚಿತ್ರವಾದದ್ದು ಡಾಕ್ಟರ ಟಿಪ್ಪಣಿಯ ಸಾಲು. ಹಳೆಯದರಲ್ಲಿ ಸರಿಯಾಗಿ ಅಕ್ಷರಗಳಿವೆ. ಹೊಸದರಲ್ಲಿ ಅಕ್ಷರಗಳೆಲ್ಲ ಮಾಯವಾಗಿ ಸಾಲುದ್ದಕ್ಕೂ ಅಂಕಿಗಳು, ಪ್ರತಿ ಅಂಕಿಯ ಮುಂದೆ ಏನೋ ಗುರುತು. ಇದು ಯಾವುದಾದರೂ ಗುಪ್ತ ಬರಹವೇ? ಔಷಧಿ ಕೌಂಟರಿನಲ್ಲಿ ಕೂತವನಿಗೆ ಗುಪ್ತ ಬರಹ ಯಾಕೆ ಬೇಕು?

ನೀನು ಹೇಳಿದೆ ಎಂದು ಅವರನ್ನೂ ಕೇಳಿದೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದರು.

"ಆ ಸಾಲು ಯಾರು ಅಳಿಸಿದ್ದು?" ಅಂದೆ.

"ಗೊತ್ತಿಲ್ಲ" ಅಂದರು.

"ನಿಮ್ಮ ಲಾಗಿನ್‌ನಲ್ಲಿ ಆಗಿದ್ದು ನಿಮಗೇ ಗೊತ್ತಿಲ್ವಾ?"

"ಹೇಳಿದ್ನಲ್ಲ, ಗೊತ್ತಿಲ್ಲ ಅಂತ." ಅಂಗಿಯ ಕಾಲರನ್ನು ಎರಡನೇ ಸಲ ತೀಡಿದರು. ಕಣ್ಣೆತ್ತಲಿಲ್ಲ.

ಗುಬ್ಬಿ, ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ. ಗೊತ್ತಿಲ್ಲದಿದ್ದರೆ ಅವರು 'ಗೊತ್ತಿಲ್ಲ' ಎನ್ನುವ ರೀತಿಯೇ ಬೇರೆ. ಇದು ಗೊತ್ತಿರುವವನ 'ಗೊತ್ತಿಲ್ಲ'.

ಮರುದಿನ ಅವರ ಚೀಲದ ಒಳಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಹೌದು, ಚೀಲ ತಡಕಿದೆ. ಅದರಲ್ಲಿ ಹನ್ನೊಂದು ರೋಗಿಗಳ ಹೆಸರು, ಎದುರಿಗೆ ಫೋನ್ ನಂಬರು. ಹತ್ತು ಹೆಸರುಗಳ ಮುಂದೆ ಗೀಟು ಹಾಕಿದೆ. ಗೀಟಿಲ್ಲದ ಒಂದೇ ಹೆಸರು ಆ ಹೊಲಿಗೆಯವಳದು. ವಿಚಾರಣೆಯವರು ಪಟ್ಟಿ ಮಾಡಿದ್ದು ಫೆಬ್ರವರಿ ಮೊದಲ ವಾರದಲ್ಲಿ. ಇವರ ನೋಟ್‌ಬುಕ್ಕಿನ ಮೇಲೆ ಬರೆದ ತಾರೀಖು ಜನವರಿ 14. ಯಾರಿಗೂ ತಿಳಿಯುವ ಮೊದಲೇ ಆ ಹನ್ನೊಂದು ಹೆಸರು ಇವರಿಗೆ ಹೇಗೆ ಗೊತ್ತಿತ್ತು? ಜನವರಿಯಲ್ಲಿ ರಜೆಯ ದಿನಗಳಲ್ಲೂ ಆಸ್ಪತ್ರೆಗೆ ಹೋಗುತ್ತಿದ್ದರು. ಇವರ ರಜೆಯಂದು ಎರಡನೇ ಕೌಂಟರು ಮುಚ್ಚಿರುತ್ತದೆ. ಮುಚ್ಚಿದ ಕೌಂಟರಿನ ಹಿಂದೆ ಏನು ಕೆಲಸ?

ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟೆ. ಬೇಗ ಉತ್ತರ ಕೊಡು.

ನಿನ್ನ ಅತ್ತಿಗೆ

*

ಮಾರ್ಚ್ 29

ಗುಬ್ಬಿ,

ಇಪ್ಪತ್ತಾರು ದಿನವಾಯಿತು. ಲಕೋಟೆ ತಲುಪಿದೆ ಎಂದು ಅಂಚೆಯವರ ರಸೀತಿ ನನ್ನ ಹತ್ತಿರ ಇದೆ, ಸಹಿ ನಿನ್ನದೇ.

ಹೋದ ಗುರುವಾರ ಸಂಜೆ ಇವರಿಗೆ ಫೋನ್ ಬಂತು. ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಹತ್ತು ನಿಮಿಷವಾದ ಮೇಲೆ ಬಂದರು. "ಯಾರು?" ಎಂದೆ. "ರಾಂಗ್ ನಂಬರ್" ಅಂದರು. ರಾಂಗ್ ನಂಬರಿನವರ ಜೊತೆ ಹತ್ತು ನಿಮಿಷ ಯಾರಾದರೂ ಮಾತಾಡುತ್ತಾರೆಯೇ? ಅವರು ಸ್ನಾನಕ್ಕೆ ಹೋದಾಗ ನೋಡಿದೆ. ನಂಬರು ನಿನ್ನದು.

ಹಾಗಾದರೆ ನಿನಗೆ ಎಲ್ಲವೂ ಗೊತ್ತಾಗಿದೆ. ಗೊತ್ತಾದದ್ದನ್ನು ನನಗೆ ಹೇಳದೆ ಅವರಿಗೆ ಹೇಳಿದೆ. ನಾನು ಕಳಿಸಿದ ಹಾಳೆಗಳ ವಿಷಯವನ್ನೂ ಹೇಳಿರಬೇಕು. ಅಂದಿನಿಂದ ಅವರು ನನ್ನನ್ನು ನೋಡುವ ನೋಟವೇ ಬದಲಾಗಿದೆ. ಅಣ್ಣ ತಂಗಿ ಒಂದಾದಿರಿ, ನಾನು ಹೊರಗಿನವಳು. ಸರಿ.

ಇಲ್ಲಿ ನಡೆದದ್ದನ್ನೂ ಕೇಳು. ಈ ತಿಂಗಳ ಮಧ್ಯದಲ್ಲಿ ಸಾಫ್ಟ್‌ವೇರ್ ಕಂಪನಿಯವನು ಬಂದು ಎರಡನೇ ಕೌಂಟರಿನ ಕಂಪ್ಯೂಟರಿಗೆ ಏನೋ ಹೊಸದು ಹಾಕಿ ಹೋದ. ಕೌಂಟರು ಮತ್ತೆ ತೆರೆದು ಬೇರೆಯವಳನ್ನು ಕೂರಿಸಿದ್ದಾರೆ. ಅಂದಿನಿಂದ ಒಂದು ಫೈಲೂ ಖಾಲಿಯಾಗಿಲ್ಲ. ಕ್ಯಾಂಟೀನಿನಲ್ಲಿ ನನಗೆ ಕೇಳಿಸುವಂತೆಯೇ ಅಂದರು: "ನೋಡಿ, ಆಸಾಮಿ ಹೋದ, ಕಾಟ ತಪ್ಪಿತು." ಸಮಿತಿಗೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವಂತೆ. ಏಪ್ರಿಲ್ 18ಕ್ಕೆ ಕೊನೆಯ ವಿಚಾರಣೆ. ಆಮೇಲೆ ಕೆಲಸದಿಂದ ವಜಾ, ಪೊಲೀಸರಿಗೆ ದೂರು.

ನೀವಿಬ್ಬರೂ ಸೇರಿ ಏನು ಮುಚ್ಚಿಡುತ್ತಿದ್ದೀರಿ?

ಅತ್ತಿಗೆ

*

ಏಪ್ರಿಲ್ 4

ಅತ್ತಿಗೆ,

ಅಣ್ಣ ಏನನ್ನೂ ಅಳಿಸಲಿಲ್ಲ. ಅಳಿಸಿದ್ದು ನಾನು.

ಹೀಗೆಂದರೆ ನಿಮಗೆ ಅರ್ಥವಾಗುವುದಿಲ್ಲ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ಕೆಲಸವೇನೆಂದು ನೀವು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹನ್ನೆರಡು ವರ್ಷದಿಂದ ನಾನು ಒಂದೇ ಒಂದು ವಸ್ತುವನ್ನು ನೋಡಿಕೊಳ್ಳುತ್ತಿದ್ದೇನೆ: ಎಕ್ಸ್‌ಎಂಎಲ್ ಫೈಲುಗಳನ್ನು ಓದುವ, ಬರೆಯುವ ಒಂದು ಲೈಬ್ರರಿ. ಪುಸ್ತಕದ ಲೈಬ್ರರಿಯಲ್ಲ. ಬೇರೆಯವರು ತಮ್ಮ ಸಾಫ್ಟ್‌ವೇರಿನೊಳಗೆ ಸೇರಿಸಿಕೊಳ್ಳಲು ಸಿದ್ಧವಾಗಿಟ್ಟ ಒಂದು ಭಾಗ, ಅಷ್ಟೇ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಯಾರು ತೆಗೆದುಕೊಂಡರು ಎಂದು ನನಗೆ ತಿಳಿಯುವುದಿಲ್ಲ. ಅಣ್ಣ ನನ್ನನ್ನು ಕರೆಯುವ ಹೆಸರನ್ನೇ, ಅವನಿಗೆ ಹೇಳಿಯೇ, ಅದಕ್ಕೂ ಇಟ್ಟೆ. ಗುಬ್ಬಿ.

ಫೈಲು ಡಿಸ್ಕಿನಿಂದ ಬರಲಿ, ಮೆಮೊರಿಯಿಂದ ಬರಲಿ, ದೂರದ ಕಂಪ್ಯೂಟರಿನಿಂದ ಬರಲಿ, ಲೈಬ್ರರಿ ಮೊದಲು ಅದಕ್ಕೆ ಸರಿಯಾದ ಓದುಗನನ್ನು ಹುಡುಕುತ್ತದೆ. 'ಇದನ್ನು ನೀನು ಓದಬಲ್ಲೆಯಾ' ಎಂದು ಒಬ್ಬೊಬ್ಬರನ್ನೇ ಕೇಳುತ್ತದೆ. ಹೌದೆಂದವನು ತೆರೆಯುತ್ತಾನೆ, ತುತ್ತು ತುತ್ತಾಗಿ ಓದುತ್ತಾನೆ, ಮುಚ್ಚುತ್ತಾನೆ. ಒಳಗೆ ಬಂದದ್ದು ಮೂಲದಲ್ಲಿ ಯಾವ ಲಿಪಿಯ ಸಂಕೇತದಲ್ಲಿದ್ದರೂ ಒಂದೇ ಬಗೆಯ ಸಂಕೇತಕ್ಕೆ ಬದಲಾಗುತ್ತದೆ. ಮತ್ತೆ ಹೊರಗೆ ಬರೆಯುವಾಗ ಆ ಸಂಕೇತ ಯಾವುದಿರಬೇಕೆಂದು ಯಾರೂ ಹೇಳದಿದ್ದರೆ, ಇಂಗ್ಲಿಷಿನದಲ್ಲದ ಪ್ರತಿ ಅಕ್ಷರವನ್ನೂ ಅದರ ಕ್ರಮಸಂಖ್ಯೆಯಾಗಿ ಬರೆದುಬಿಡುತ್ತದೆ. ನೀವು ಗುಪ್ತ ಬರಹ ಎಂದಿರಲ್ಲ, ಅದು ಇದೇ. ಆ ಅಂಕಿಗಳ ಸಾಲನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕೈಯಿಂದ ತಿದ್ದಿದ ಮನುಷ್ಯ ಹಾಗೆ ಬರೆಯುವುದಿಲ್ಲ. ಅದು ನನ್ನ ಲೈಬ್ರರಿಯ ಕೈಬರಹ.

ಇನ್ನು ಆ ಒಂಟಿ ಪದ. ಅಲರ್ಜಿಯ ಪಟ್ಟಿ ರೋಗಿಯ ಫೈಲಿನೊಳಗೆ ಇರುವುದಿಲ್ಲ. ಅಲರ್ಜಿ ವಿಭಾಗದ ಕಂಪ್ಯೂಟರಿನಲ್ಲಿದೆ. ರೋಗಿಯ ಫೈಲಿನ ತಲೆಯಲ್ಲಿ 'ಈ ಪದ ಬಂದಲ್ಲಿ ಆ ಜಾಗದಿಂದ ಆ ಫೈಲು ತಂದು ಇಲ್ಲಿ ಹಾಕು' ಎಂದು ಬರೆದಿದೆ. ಮೊದಲ ಸಲ ಔಷಧಿ ಕೌಂಟರಿನಲ್ಲಿ ಫೈಲು ತೆರೆದಾಗ ಲೈಬ್ರರಿ ಹೋಗಿ ತರುತ್ತದೆ. ಕೊಟ್ಟ ಮಾತ್ರೆಯನ್ನು ನಮೂದಿಸಿ ಉಳಿಸಿದಾಗ ಫೈಲು ಇಡಿಯಾಗಿ ಹೊಸದಾಗಿ ಬರೆಯಲ್ಪಡುತ್ತದೆ, ತಂದ ಹೆಸರುಗಳ ಸಮೇತ. ಒಂದನೇ ಕೌಂಟರಿನಲ್ಲಿ ನಡೆದದ್ದು ಅದೇ.

ಹೋದ ನವೆಂಬರಿನಲ್ಲಿ ಒಬ್ಬ ಅಪರಿಚಿತ ನನಗೆ ಮೇಲ್ ಬರೆದ. ಯಾರಾದರೂ ಕೆಟ್ಟವರು ಫೈಲಿನ ತಲೆಯಲ್ಲಿ ಬೇರೆ ವಿಳಾಸ ಬರೆದರೆ ನಿನ್ನ ಲೈಬ್ರರಿ ಮುಚ್ಚಿಟ್ಟ ಫೈಲುಗಳನ್ನೂ ತಂದು ಅವರ ಕೈಗೆ ಕೊಡುತ್ತದೆ ಎಂದ. ನಿಜವಾಗಿತ್ತು. ಯಾರನ್ನೂ ನಂಬಬಾರದು ಎಂದುಕೊಂಡು, ಹೊರಗಿನಿಂದ ಏನನ್ನೂ ತರಕೂಡದು ಎಂದು ಒಂದೇ ದಿನದಲ್ಲಿ ಬದಲಾಯಿಸಿದೆ. ಅಲ್ಲಿಯವರೆಗೆ ಸರಿಯೇ. ಆದರೆ ತರದಿದ್ದಾಗ ಏನು ಮಾಡಬೇಕು? ಕೆಲಸ ನಿಲ್ಲಿಸಿ ದೊಡ್ಡದಾಗಿ ಹೇಳಬೇಕಿತ್ತು. ನಿಲ್ಲಿಸಿದರೆ ಸಾವಿರಾರು ಜನ ಬಯ್ಯುತ್ತಾರೆ ಎಂದು ಹೆದರಿದೆ. ಆ ಜಾಗವನ್ನು ಖಾಲಿ ಬಿಟ್ಟು, ಎಚ್ಚರಿಕೆಯ ಕಡತದಲ್ಲಿ ಒಂದು ಸಾಲು ಬರೆದು ಮುಂದೆ ಹೋಗುವಂತೆ ಮಾಡಿದೆ. ನಿಮ್ಮ ಸಾಫ್ಟ್‌ವೇರ್ ಕಂಪನಿಯವರು ಆ ಕಡತವನ್ನು ಪರದೆಗೆ ಬಾರದಂತೆ ಮುಚ್ಚಿಟ್ಟಿದ್ದಾರೆ. ನನ್ನ ಹೊಸ ಆವೃತ್ತಿಯನ್ನು ಅವರು ಮೊದಲು ಪರೀಕ್ಷೆಗೆಂದು ಹಾಕಿದ್ದು ಎರಡನೇ ಕೌಂಟರಿಗೆ. ಅಲ್ಲಿಗೆ ಮೊದಲ ಸಲ ಬಂದ ಹನ್ನೊಂದು ರೋಗಿಗಳ ಪಟ್ಟಿ ಬರಲಿಲ್ಲ. ಉಳಿಸಿದಾಗ ಆ ಖಾಲಿಯೇ ಶಾಶ್ವತವಾಯಿತು, ಅಣ್ಣನ ಲಾಗಿನ್ ಹೊತ್ತುಕೊಂಡು. ಫೈಲಿನ ತಲೆಯಲ್ಲಿ ವಿಳಾಸ ಮಾತ್ರ ಹಾಗೇ ಉಳಿದಿದೆ, ಹಾಳೆಯಲ್ಲಿ ಮೂರನೇ ಸಾಲು ನೋಡಿ. ಕಳ್ಳತನದಿಂದ ಅಳಿಸುವವನು ಅದನ್ನು ಬಿಡುತ್ತಿರಲಿಲ್ಲ.

ಇದೆಲ್ಲ ಮಾರ್ಚ್ 8ರ ಮಧ್ಯಾಹ್ನವೇ ನನಗೆ ತಿಳಿದಿತ್ತು. ಅಂದೇ ಲೈಬ್ರರಿ ಸರಿಪಡಿಸಿದೆ: ಅನುಮತಿ ಕೊಟ್ಟ ಜಾಗದಿಂದ ಮಾತ್ರ ತರುತ್ತದೆ, ತರಲಾಗದಿದ್ದರೆ ಫೈಲು ತೆರೆಯುವುದೇ ಇಲ್ಲ. ಆದರೆ ಬಿಡುಗಡೆಯ ಟಿಪ್ಪಣಿಯಲ್ಲಿ 'ಸಣ್ಣ ತಿದ್ದುಪಡಿ' ಎಂದಷ್ಟೇ ಬರೆದೆ. ನಿಮ್ಮಲ್ಲಿ ಖಾಲಿಯಾಗುವುದು ನಿಂತದ್ದು ಅದರಿಂದ. ಅದೇ ಅಣ್ಣನ ಮೇಲಿನ ಸಾಕ್ಷಿಯಾಯಿತು ಎಂದು ನಿಮ್ಮ ಪತ್ರದಿಂದ ತಿಳಿಯಿತು.

ಯಾಕೆ ಸುಮ್ಮನಿದ್ದೆ? ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು, "ನಂಗೆ ಜನವರಿಯಲ್ಲೇ ಗೊತ್ತಿತ್ತು ಕಣೇ" ಅಂದ. ಆ ಹೆಂಗಸು ಒಳರೋಗಿಯಾದ ಮರುದಿನ, ಇದು ಹೇಗಾಯಿತೆಂದು ಅವನೇ ಕಂಪ್ಯೂಟರಿನಲ್ಲಿ ಹುಡುಕಿ ಎಚ್ಚರಿಕೆಯ ಕಡತ ತೆರೆದನಂತೆ. ಅಲ್ಲಿ ಹನ್ನೊಂದು ರೋಗಿಗಳ ಫೈಲಿನ ಎದುರು ಒಂದೇ ಸಾಲು: 'ಗುಬ್ಬಿ: ಹೊರಗಿನ ಫೈಲು ತರಲಿಲ್ಲ, ಮುಂದುವರಿದಿದೆ.' ಆ ನೋಟ್‌ಬುಕ್ಕಿನ ಹೆಸರುಗಳು ಅಲ್ಲಿಂದ ಬಂದವು. ಅಂದಿನಿಂದ ಮೊದಲ ಸಲ ಬಂದವರನ್ನೆಲ್ಲ ಒಂದನೇ ಕೌಂಟರಿಗೇ ಕಳಿಸುತ್ತಿದ್ದನಂತೆ. ರಜೆಯ ದಿನಗಳಲ್ಲಿ ಹೋಗಿ ಅಲರ್ಜಿ ವಿಭಾಗದಲ್ಲಿ ಕೇಳಿ, ಉಳಿದ ಹತ್ತು ಜನರಿಗೂ ಫೋನ್ ಮಾಡಿ ಎಚ್ಚರಿಸಿದ್ದಾನೆ. ಹೇಳಿ ಮುಗಿಸಿದವರಿಗೆ ಗೀಟು. ಹೊಲಿಗೆಯವರಿಗೆ ಹೇಳುವ ಹೊತ್ತು ಮೀರಿತ್ತು.

ಯಾರಿಗೂ ಹೇಳಬೇಡ ಎಂದ. "ನೀನು ಈಗಷ್ಟೇ ಚೇತರಿಸ್ಕೊಂಡಿದ್ದೀಯ. ನಾನು ಹೇಗೋ ನಿಭಾಯಿಸ್ತೀನಿ" ಅಂದ. ಅತ್ತಿಗೆ, ಆ ಇಪ್ಪತ್ತು ದಿನ ಅವನು ನನ್ನ ಹತ್ತಿರ ಇದ್ದ. ನಾನು ಊಟ ನಿದ್ದೆ ಬಿಟ್ಟು, ಬದುಕೇ ಬೇಡ ಎನ್ನುವ ಸ್ಥಿತಿಯಲ್ಲಿದ್ದೆ. ಆಸ್ಪತ್ರೆಗೆ ಸೇರಿಸಿ ಪಕ್ಕದಲ್ಲೇ ಕೂತಿದ್ದ. ನಿಮಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡವಳು ನಾನು. ನಿಮ್ಮ ಕಣ್ಣಿನಲ್ಲಿ ಚಿಕ್ಕವಳಾಗುವುದು ಬೇಡವಿತ್ತು.

ಒಂದು ತಿಂಗಳು ಅವನ ಬೆನ್ನ ಹಿಂದೆ ಅಡಗಿ ಕೂತೆ. ಚಿಕ್ಕಂದಿನ ಕಿಟಕಿಯ ಹಾಗಲ್ಲ ಇದು. ಏನು ಮಾಡಲಿ ಹೇಳಿ.

ಗುಬ್ಬಿ

*

ಏಪ್ರಿಲ್ 9

ಗುಬ್ಬಿ,

ಏನು ಮಾಡಬೇಕೆಂದು ನನ್ನನ್ನು ಕೇಳುವ ಅಗತ್ಯವಿಲ್ಲ, ನಿನಗೆ ಗೊತ್ತಿದೆ. 18ರಂದು ಬೆಳಿಗ್ಗೆ ಹತ್ತು ಗಂಟೆಗೆ ಆಡಳಿತ ಕಟ್ಟಡ, ಮೊದಲ ಮಹಡಿ. ಸಾಕ್ಷಿಯಾಗಿ ಬರಲು ಮೊದಲೇ ಅರ್ಜಿ ಕೊಡಬೇಕು. ನಮೂನೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ತುಂಬಿ ನೇರವಾಗಿ ಸಮಿತಿಗೆ ಕಳಿಸು, ನನ್ನ ಮೂಲಕ ಬೇಡ.

ನಿನ್ನ ಪತ್ರವನ್ನು ಪೂರ್ತಿ ನಂಬಿದೆ ಎಂದು ಬರೆಯಲಾರೆ. ಅಣ್ಣನನ್ನು ಉಳಿಸಲು ತಂಗಿ ಕಟ್ಟಿದ ಕಥೆಯಾಗಿರಬಹುದು ಎಂದು ಎರಡು ದಿನ ಅನ್ನಿಸಿತು. ಅದಕ್ಕೇ ನೋಟ್‌ಬುಕ್ಕಿನಲ್ಲಿದ್ದ ಹತ್ತು ನಂಬರುಗಳಲ್ಲಿ ನಾಲ್ಕಕ್ಕೆ ಫೋನ್ ಮಾಡಿದೆ. ಒಬ್ಬ ಮುದುಕರು, "ಹೌದಮ್ಮ, ಔಷಧಿ ಕೌಂಟರಿನವರು ಮಾಡಿದ್ರು. ಒಂದು ಮಾತ್ರೆ ಮುಟ್ಟಲೇಬೇಡಿ ಅಂತ ನಾಲ್ಕು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದ್ರು" ಅಂದರು. ಉಳಿದ ಮೂವರದೂ ಅದೇ ಮಾತು.

ನಿನಗೆ ಮೈ ಸರಿಯಿರಲಿಲ್ಲ ಎಂಬುದನ್ನು ನನಗೆ ಹೇಳಬಹುದಿತ್ತು. ಹೇಳಲಾಗದಂಥವಳು ನಾನು ಎಂದು ನಿನಗೆ ಅನ್ನಿಸಿದ್ದರೆ, ಆ ತಪ್ಪು ನಿನ್ನೊಬ್ಬಳದೇ ಅಲ್ಲ.

ನಿನ್ನ ಅಣ್ಣನಿಗೆ ಏನೂ ಹೇಳಿಲ್ಲ. ಹೇಳಿದರೆ ನಿನ್ನನ್ನು ಬರದಂತೆ ತಡೆಯುತ್ತಾರೆ.

ಅತ್ತಿಗೆ

*

ಏಪ್ರಿಲ್ 19

ಅತ್ತಿಗೆ,

ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಿರಿ. ನಾನು ಹೊರಬಂದವಳು ನಿಮ್ಮ ಕೈ ಹಿಡಿದೆನೇ ಹೊರತು ಒಂದು ಮಾತೂ ಆಡದೆ ರೈಲಿಗೆ ಓಡಿದೆ. ಮಾತಾಡಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಒಳಗೆ ನಡೆದದ್ದು ನಿಮಗೆ ಗೊತ್ತಾಗಬೇಕು.

ಉದ್ದನೆಯ ಮೇಜು. ಸೂಪರಿಂಟೆಂಡೆಂಟರು, ಒಬ್ಬ ವಕೀಲೆ, ನಿವೃತ್ತ ನರ್ಸಮ್ಮ ಒಬ್ಬರು. ಬದಿಯಲ್ಲಿ ಅಣ್ಣ. ನನ್ನನ್ನು ಕಂಡು ಎದ್ದುಬಿಟ್ಟ. "ಇವಳು ಯಾಕೆ ಬಂದಳು? ಇವಳಿಗೂ ಇದಕ್ಕೂ ಸಂಬಂಧ ಇಲ್ಲ" ಅಂದ. ವಕೀಲೆ ಅವನನ್ನು ಕೂರಿಸಿದರು. ಗೋಡೆಯ ಪಕ್ಕ ಕತ್ತಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು ಇದ್ದರು. ಅವರೇ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಸೂಪರಿಂಟೆಂಡೆಂಟರಿಗೆ ನನ್ನ ಮೇಲೆ ಮೊದಲಿನಿಂದಲೂ ಅನುಮಾನ. "ನೀವು ಆರೋಪಿಯ ತಂಗಿ. ನಿಮ್ಮ ಮಾತನ್ನ ನಾವ್ಯಾಕೆ ನಂಬಬೇಕು?" ಅಂದರು.

"ನಂಬಬೇಡಿ ಸಾರ್. ಒಂದು ಫೈಲು ತೆರೆದು ನೋಡಿ, ಸಾಕು" ಅಂದೆ.

ಎರಡನೇ ಕೌಂಟರಿನಲ್ಲಿ ಜನವರಿಯಲ್ಲಿದ್ದ ಆವೃತ್ತಿಯನ್ನೇ ಕಂಪನಿಯವನ ಕೈಯಲ್ಲಿ ಒಂದು ಕಂಪ್ಯೂಟರಿಗೆ ಹಾಕಿಸಿದೆ. ಡಿಸೆಂಬರಿನ ಬ್ಯಾಕಪ್‌ನಿಂದ ಒಂದು ಫೈಲಿನ ನಕಲನ್ನು ವಕೀಲೆಯೇ ಆರಿಸಿದರು. ಲಾಗಿನ್ ಯಾರದು ಹಾಕುವುದು ಎಂದಾಗ, "ಸಾರ್, ನಿಮ್ಮದೇ ಹಾಕಿ" ಎಂದೆ. ಹಾಕಿದರು. ಫೈಲು ತೆರೆದರು, ಒಂದು ಜ್ವರದ ಮಾತ್ರೆ ನಮೂದಿಸಿ ಉಳಿಸಿದರು. ನಾನು ಕೀಲಿಮಣೆ ಮುಟ್ಟಲೇ ಇಲ್ಲ. ಆಮೇಲೆ ಮತ್ತೆ ತೆರೆಸಿದೆ. ಅಲರ್ಜಿಯ ಸಾಲು ಖಾಲಿ. ಬದಲಾಯಿಸಿದವರು: ಸೂಪರಿಂಟೆಂಡೆಂಟ್. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಇನ್ನೊಂದು ಫೈಲಿನಲ್ಲೂ ಮಾಡಿಸಿದರು. ಅದೇ ಆಯಿತು.

ನಾನು ಎಚ್ಚರಿಕೆಯ ಕಡತ ತೆರೆದು ತೋರಿಸಿದೆ. ಅದರಲ್ಲಿ ಎರಡು ಸಾಲು ಹೊಸದಾಗಿ ಬಂದು ಕೂತಿದ್ದವು. ಹೀಗೆ ಮಾಡಿದ್ದು ನಾನು, ತಿಳಿದ ಮೇಲೆ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೂ ನಾನು ಎಂದೆ. ಅಣ್ಣ ಜನವರಿಯಲ್ಲೇ ಇದನ್ನು ಕಂಡು ಹತ್ತು ಜನರನ್ನು ಎಚ್ಚರಿಸಿದ್ದನ್ನೂ ಹೇಳಿದೆ.

ಆಗ ಆ ಹೆಂಗಸು ಕೈ ಎತ್ತಿದರು. ಗಂಟಲಿನಿಂದ ಧ್ವನಿ ಹೊರಡುವುದೇ ಕಷ್ಟ. ಎಲ್ಲರೂ ಮುಂದಕ್ಕೆ ಬಾಗಿ ಕೇಳಬೇಕಾಯಿತು.

"ಎಚ್ಚರಿಕೆ ಅಂತ ಬರೆದಿದೆಯಲ್ಲಮ್ಮ, ಯಾರಿಗೆ ಬರೆದಿದ್ದು?"

ಅತ್ತಿಗೆ, ಹನ್ನೆರಡು ವರ್ಷದಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ಯಾರಿಗೂ ಅಲ್ಲ. ಬರೆದಿದ್ದೀನಿ ಅನ್ನಿಸಿಕೊಳ್ಳೋಕೆ ಬರೆದಿದ್ದು" ಅಂದೆ. ಅವರು ತಲೆಯಾಡಿಸಿದರು. ಕ್ಷಮಿಸಿದೆ ಎನ್ನಲಿಲ್ಲ, ಬಯ್ಯಲೂ ಇಲ್ಲ. ಅಣ್ಣನ ಕಡೆ ತಿರುಗಿ, "ನಿಮಗೆ ಗೊತ್ತಿದ್ದೂ ನನಗೆ ಹೇಳಲಿಲ್ಲ. ನಾನೇ ಮನೆಯಲ್ಲಿ ಏನೋ ತಪ್ಪು ತಿಂದೆ ಅಂತ ಮೂರು ತಿಂಗಳು ನನ್ನನ್ನೇ ಬೈಕೊಂಡಿದ್ದೀನಿ" ಅಂದರು. ಅಣ್ಣ ಎದ್ದು ಅವರ ಮುಂದೆ ನಿಂತ. ಆಮೇಲೆ ನನ್ನನ್ನು ಹೊರಗೆ ಕಳಿಸಿದರು.

ಇವತ್ತು ಬೆಳಿಗ್ಗೆ ನಡೆದದ್ದೆಲ್ಲವನ್ನೂ, ಆಸ್ಪತ್ರೆಯ ಹೆಸರಿಲ್ಲದೆ ನನ್ನ ಹೆಸರಿನೊಂದಿಗೆ, ಲೈಬ್ರರಿಯ ಮೊದಲ ಪುಟದಲ್ಲೇ ಪ್ರಕಟಿಸಿದ್ದೇನೆ. ಮಧ್ಯಾಹ್ನದೊಳಗೆ ಎರಡು ಕಡೆಯಿಂದ, ತಮ್ಮಲ್ಲೂ ಖಾಲಿ ಸಾಲುಗಳಿವೆ ಎಂದು ಬರೆದಿದ್ದಾರೆ. ಮಾರ್ಚಿನಲ್ಲೇ ಹೇಳಿದ್ದರೆ ಮಾರ್ಚಿನಲ್ಲೇ ಸಿಗುತ್ತಿದ್ದವು.

ನಾನು ಚೆನ್ನಾಗಿದ್ದೇನೆ. ಊಟ ಮಾಡಿದೆ. ಇದನ್ನು ನಿಮಗೆ ನಾನೇ ಹೇಳುತ್ತಿದ್ದೇನೆ, ಅಣ್ಣನ ಮೂಲಕವಲ್ಲ.

ನಿಮ್ಮ ಗುಬ್ಬಿ

*

ಮೇ 6

ಪ್ರೀತಿಯ ಗುಬ್ಬಿಗೆ,

ನಿನ್ನೆ ತೀರ್ಪು ಬಂತು. ಅಳಿಸಿದ ಆರೋಪ ಬಿದ್ದುಹೋಗಿದೆ. ಗೊತ್ತಿದ್ದೂ ಮೇಲಿನವರಿಗೆ ತಿಳಿಸಲಿಲ್ಲ ಎಂಬುದಕ್ಕೆ ಲಿಖಿತ ಛೀಮಾರಿ, ಆರು ತಿಂಗಳು ಕೌಂಟರಿನಲ್ಲಿ ಕೂರುವಂತಿಲ್ಲ, ಗೋದಾಮಿನ ಕೆಲಸ. "ನ್ಯಾಯವಾಗಿದೆ" ಎಂದರು ನಿನ್ನ ಅಣ್ಣ. ನನಗೂ ಹಾಗೇ ಅನ್ನಿಸಿತು. ಕಂಪನಿಯವರಿಗೆ ಬೇರೆ ವಿಚಾರಣೆ ಇದೆ. ಕ್ಯಾಂಟೀನಿನಲ್ಲಿ ಮೊನ್ನೆವರೆಗೆ ಬೆನ್ನು ತಿರುಗಿಸುತ್ತಿದ್ದವರು ಈಗ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂರುತ್ತಾರೆ. ನಾನು ಜರುಗಿ ಜಾಗ ಕೊಡುತ್ತೇನೆ, ಮಾತಾಡುವುದಿಲ್ಲ.

ಹೊಲಿಗೆಯವಳ ಮನೆಗೆ ಇವರು ಎರಡು ಸಲ ಹೋಗಿ ಬಂದರು. ಮೊದಲ ಸಲ ಬಾಗಿಲು ತೆರೆಯಲಿಲ್ಲವಂತೆ. ಎರಡನೇ ಸಲ ತೆರೆದಳು, ಒಳಗೆ ಕರೆಯಲಿಲ್ಲ. ಇನ್ನೊಂದು ಸಲ ಹೋಗುತ್ತಾರಂತೆ.

ಇನ್ನು ಮನೆಯ ವಿಷಯ. ಇವತ್ತು ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಒರೆಸಿ ಇಡುತ್ತಿದ್ದರು. ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಲೇ ಕೇಳಿದರು:

"ಆ ಹಾಳೆಗಳನ್ನ ಗುಬ್ಬಿಗೆ ಕಳಿಸಿದ್ಯಲ್ಲ. ನನ್ನನ್ನ ಉಳಿಸೋಕಾ, ಹಿಡಿಯೋಕಾ?"

ಉಳಿಸೋಕೆ ಎಂದು ಬಾಯಿಗೆ ಬಂದೇಬಿಟ್ಟಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರೋ ಏನೋ. ನೀರು ನಿಲ್ಲಿಸಿದೆ.

"ಹಿಡಿಯೋಕೆ" ಅಂದೆ.

ಅವರು ತಟ್ಟೆಯನ್ನು ಕೆಳಗಿಟ್ಟರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಇಲ್ಲವೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾರೆ ಎಂದುಕೊಂಡೆ. ಎರಡನ್ನೂ ಮಾಡಲಿಲ್ಲ. ಅಡುಗೆಮನೆಗೇ ಎರಡು ಕುರ್ಚಿ ಎಳೆದು ತಂದು ಎದುರುಬದುರು ಹಾಕಿದರು.

"ಕೂತ್ಕೋ. ಈ ಹದಿನೆಂಟು ವರ್ಷದಲ್ಲಿ ನನ್ನ ಮೇಲೆ ಏನೇನು ಅನುಮಾನ ಇದೆಯೋ ಎಲ್ಲಾ ಈಗಲೇ ಕೇಳು. 'ಗೊತ್ತಿಲ್ಲ' ಅನ್ನಲ್ಲ."

ಕೇಳಿದೆ ಗುಬ್ಬಿ. ನಾಚಿಕೆ ಬಿಟ್ಟು ಕೇಳಿದೆ. ಇಪ್ಪತ್ತು ದಿನದ ಮಾತಿನಿಂದ ಶುರು ಮಾಡಿ, ಮದುವೆಯಾದ ಹೊಸದರಲ್ಲಿ ನನಗೆ ಹೇಳದೆ ಹರಿದು ಹಾಕಿದ ಒಂದು ಕಾಗದದ ತನಕ. ಕೆಲವು ಪ್ರಶ್ನೆ ಕೇಳುವಾಗ ನನಗೇ ನಗು ಬಂತು. ಕೆಲವಕ್ಕೆ ಅವರು ಎದ್ದು ಕಿಟಕಿಯ ಹತ್ತಿರ ನಿಂತು ಉತ್ತರ ಹೇಳಿದರು. ಒಂದಕ್ಕೆ ಅತ್ತರು. ಬಿಸಿಲು ನೆಲದ ಮೇಲಿಂದ ಗೋಡೆಗೆ ಏರುವವರೆಗೆ ಕೂತಿದ್ದೆವು.

ಬಹಳಷ್ಟನ್ನು ನಂಬಿದೆ. ಒಂದನ್ನು ಇನ್ನೂ ನಂಬಲು ಆಗಿಲ್ಲ. ಅದನ್ನೂ ಅವರ ಮುಖ ನೋಡಿ ಹೇಳಿದೆ. "ಸರಿ, ನಾಳೆ ಮತ್ತೆ ಕೇಳು" ಅಂದರು.

ಅತ್ತಿಗೆ